ಕಾರು ತಗ್ಗಿದ ಮಾತ್ರಕ್ಕೆ

ಹಳೆಯ ಮಾಜ್ದಾ ಎಂಎಕ್ಸ್-5 ಕೊಂಡವರು, ಅಮೆರಿಕದಲ್ಲಿರಲಿ ಇಂಗ್ಲೆಂಡಿನಲ್ಲಿರಲಿ, ಎಂಜಿನ್ ಆಯಿಲ್ ಬದಲಿಸುವ ಮುಂಚೆಯೇ ಅದನ್ನು ತಗ್ಗಿಸುವ ಯೋಚನೆಗೆ ಬೀಳುತ್ತಾರೆ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳುಗಳು ಸಲೀಸಾಗಿ ತೂರುವಷ್ಟು ಜಾಗ ಇರುತ್ತದೆ. ಅದು ಕಣ್ಣಿಗೆ ಚುಚ್ಚುತ್ತದೆ. ಗಿಡ್ಡನೆಯ ಗಟ್ಟಿ ಸ್ಪ್ರಿಂಗುಗಳ ಸೆಟ್ಟೊಂದನ್ನು ತರಿಸಿ, ರಜೆಯ ದಿನ ಅಂಗಳದಲ್ಲೇ ಹಾಕಿ, ಮೊದಲ ತಿರುವಿನಲ್ಲಿ ಕಾರು ವಾಲದೆ ಹೋದದ್ದನ್ನು ಕಂಡು ‘ಈಗ ಸರಿಹೋಯಿತು’ ಅನ್ನುತ್ತಾರೆ. ವಾಲುವುದು ಕಡಿಮೆಯಾಗಿದೆ, ನಿಜ. ಸ್ಟೀರಿಂಗ್ ತಿರುಗಿಸಿದ ಕೂಡಲೇ ಕಾರು ಓಗೊಡುತ್ತದೆ, ಅದೂ ನಿಜ. ಆದರೆ ಅದೇ ಕಾರು ಅದೇ ತಿರುವನ್ನು ಮೊದಲಿಗಿಂತ ಹೆಚ್ಚು ವೇಗವಾಗಿ, ಹೆಚ್ಚು ಭದ್ರವಾಗಿ ದಾಟುತ್ತದೆಯೇ ಎಂದು ಕೇಳಿದರೆ ಉತ್ತರ ಅಷ್ಟು ಸಲೀಸಲ್ಲ. ಎಷ್ಟೋ ಸಲ ದಾಟುವುದಿಲ್ಲ. ರಸ್ತೆ ಸ್ವಲ್ಪ ಒರಟಾಗಿದ್ದರಂತೂ ಮೊದಲಿಗಿಂತ ಕೆಟ್ಟದಾಗಿ ದಾಟುತ್ತದೆ.

ನನ್ನ ತಕರಾರು ಬದಲಾವಣೆಯ ಬಗ್ಗೆ ಅಲ್ಲ, ಅದನ್ನು ಶುರುಮಾಡುವ ತುದಿಯ ಬಗ್ಗೆ. ಸಸ್ಪೆನ್ಶನ್ನಿನಿಂದ ಹಿಡಿತ ಹುಟ್ಟುವುದಿಲ್ಲ. ಹಿಡಿತ ಇರುವುದು ಟೈರಿನಲ್ಲಿ, ಅದು ರಸ್ತೆಗೆ ತಾಗುವ ಅಂಗೈಯಗಲದ ಜಾಗದಲ್ಲಿ. ಟೈರು ರಸ್ತೆ ಬಿಟ್ಟೇಳದಂತೆ ನೋಡಿಕೊಳ್ಳುವುದು, ಕಾರಿನ ಭಾರವನ್ನು ನಾಲ್ಕು ಟೈರುಗಳಿಗೆ ಹಂಚುವುದು, ಇವೆರಡೇ ಸಸ್ಪೆನ್ಶನ್ನಿನ ಕೆಲಸ. ಈ ಹಂಚಿಕೆಯಲ್ಲಿ ಒಂದು ಕಡೆ ಕೂಡಿದ್ದನ್ನು ಇನ್ನೊಂದು ಕಡೆ ಕಳೆಯಲೇಬೇಕು. ಅಂಗಡಿಯವರು ಮಾರುವುದು ಕೂಡುವ ಲೆಕ್ಕವನ್ನು ಮಾತ್ರ.

ಎಂಎಕ್ಸ್-5ನ್ನೇ ಉದಾಹರಣೆಗೆ ತೆಗೆದುಕೊಂಡದ್ದಕ್ಕೆ ಕಾರಣವಿದೆ. 1989ರ ಫೆಬ್ರವರಿಯಲ್ಲಿ ಶಿಕಾಗೋದ ಮೋಟಾರು ಪ್ರದರ್ಶನದಲ್ಲಿ ಬೆಳಕು ಕಂಡ ಈ ಕಾರು ಹಳೆಯ ಬ್ರಿಟಿಷ್ ತೆರೆದ ಕಾರುಗಳ, ಅದರಲ್ಲೂ 1962ರ ಲೋಟಸ್ ಎಲಾನ್‌ನ, ಮಾದರಿಯನ್ನು ಕಣ್ಣಮುಂದೆ ಇಟ್ಟುಕೊಂಡು ತಯಾರಾದದ್ದು. ತೋಶಿಹಿಕೊ ಹಿರಾಯ್ ಅದರ ಮುಖ್ಯ ಎಂಜಿನಿಯರ್. ತೂಕ ಒಂದು ಟನ್ನಿನ ಒಳಗೆ, 1.6 ಲೀಟರಿನ ಎಂಜಿನ್. ಅಮೆರಿಕದ ಮಾದರಿಗೆ 116 ಅಶ್ವಶಕ್ತಿ. ಗೇರ್‌ಬಾಕ್ಸನ್ನೂ ಹಿಂಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಶಿಯಲ್ಲನ್ನೂ ಜೋಡಿಸುವ ಅಲ್ಯೂಮಿನಿಯಂ ಚೌಕಟ್ಟು ಇತ್ತು. ಚಾಲಕ ಆಕ್ಸಿಲರೇಟರ್ ಒತ್ತಿದ್ದು ಸಡಿಲವಿಲ್ಲದೆ ಹಿಂಚಕ್ರಕ್ಕೆ ತಲುಪಬೇಕೆಂಬುದು ಅದರ ಉದ್ದೇಶ. ಆ ಬೆಲೆಯ ಕಾರಿಗೆ ದುಬಾರಿಯೇ ಎನ್ನಬಹುದಾದ ಜೋಡಿ ವಿಶ್‌ಬೋನ್ ಸಸ್ಪೆನ್ಶನ್ ನಾಲ್ಕೂ ಚಕ್ರಗಳಿಗೆ. ಟೈರು ಮಾತ್ರ 14 ಅಂಗುಲದ, 185 ಮಿಲಿಮೀಟರ್ ಅಗಲದ್ದು. ಇವತ್ತಿನ ಸಂಸಾರಸ್ಥರ ಎಷ್ಟೋ ಹ್ಯಾಚ್‌ಬ್ಯಾಕುಗಳಿಗೂ ಅದಕ್ಕಿಂತ ಅಗಲದ್ದು ಇರುತ್ತದೆ. 2016ರ ಏಪ್ರಿಲಿನಲ್ಲಿ ಹತ್ತು ಲಕ್ಷನೆಯ ಎಂಎಕ್ಸ್-5 ಕಾರ್ಖಾನೆಯಿಂದ ಹೊರಬಂತು. ಇಷ್ಟು ಜನಕ್ಕೆ ಓಡಿಸುವ ಸುಖ ಕೊಟ್ಟ ಕಾರು ತಿರುವಿನಲ್ಲಿ ಚೆನ್ನಾಗಿಯೇ ವಾಲುತ್ತಿತ್ತು, ಸ್ಪ್ರಿಂಗುಗಳು ಮೆತ್ತಗೇ ಇದ್ದವು. ಎಲಾನ್ ತಯಾರಿಸಿದ ಕಾಲಿನ್ ಚಾಪ್ಮನ್ ಹಿಡಿದ ದಾರಿಯೂ ಅದೇ: ಮೆತ್ತನೆಯ ಸ್ಪ್ರಿಂಗು, ಚಕ್ರಕ್ಕೆ ಮೇಲೆ ಕೆಳಗೆ ಆಡಲು ಧಾರಾಳ ಜಾಗ, ಅಳೆದು ಹೊಂದಿಸಿದ ಶಾಕ್ ಅಬ್ಸಾರ್ಬರು.

ಹಾಗಾದರೆ ವಾಲುವುದು ದೋಷವಲ್ಲವೇ? ಒಂದಿಷ್ಟು ಲೆಕ್ಕ ಹಾಕಿ ನೋಡೋಣ. ಚಾಲಕನೂ ಸೇರಿ 1000 ಕೆಜಿ ತೂಗುವ ಕಾರು. ಗುರುತ್ವ ಕೇಂದ್ರ ನೆಲದಿಂದ 46 ಸೆಂಟಿಮೀಟರ್ ಎತ್ತರದಲ್ಲಿದೆ. ಎಡಚಕ್ರಕ್ಕೂ ಬಲಚಕ್ರಕ್ಕೂ ನಡುವೆ 142 ಸೆಂಟಿಮೀಟರ್. ತಿರುವಿನಲ್ಲಿ ಅದು ಗುರುತ್ವದ ಶೇಕಡಾ 90ರಷ್ಟು ಬಲದಿಂದ ಹೊರಕ್ಕೆ ಎಳೆಯಲ್ಪಡುತ್ತಿದೆ ಎಂದುಕೊಳ್ಳಿ. ಆಗ ಒಳಚಕ್ರಗಳ ಮೇಲಿಂದ ಹೊರಚಕ್ರಗಳ ಮೇಲಕ್ಕೆ ದಾಟುವ ಭಾರ ಸುಮಾರು 290 ಕೆಜಿ. ಈ ಲೆಕ್ಕದಲ್ಲಿ ತೂಕವಿದೆ, ಎತ್ತರವಿದೆ, ಅಗಲವಿದೆ, ವೇಗೋತ್ಕರ್ಷವಿದೆ. ಸ್ಪ್ರಿಂಗು ಎಲ್ಲೂ ಇಲ್ಲ. ಸ್ಪ್ರಿಂಗು ಬೆಣ್ಣೆಯಷ್ಟು ಮೆತ್ತಗಿರಲಿ, ಅದರ ಬದಲು ಕಬ್ಬಿಣದ ಸಲಾಕೆಯನ್ನೇ ಬೆಸುಗೆ ಹಾಕಲಿ, ದಾಟುವ ಭಾರ ಹೆಚ್ಚುಕಡಿಮೆ ಅಷ್ಟೇ. ವಾಲುವುದು ಭಾರ ದಾಟಿದ್ದರ ಗುರುತು ಮಾತ್ರ. ಗುರುತನ್ನು ಅಳಿಸಿದರೆ ಭಾರ ದಾಟುವುದು ನಿಲ್ಲುವುದಿಲ್ಲ.

ಭಾರ ದಾಟಿದರೆ ಏನಾಯಿತು, ಒಳಗಿನ ಟೈರು ಕಳೆದುಕೊಂಡದ್ದನ್ನು ಹೊರಗಿನದು ಗಳಿಸುತ್ತದಲ್ಲ ಎಂದು ಕೇಳಬಹುದು. ಅಷ್ಟನ್ನೂ ಗಳಿಸುವುದಿಲ್ಲ ಎನ್ನುವುದೇ ಇಡೀ ವಿಷಯದ ತಿರುಳು. ಒಂದು ಮೂಟೆ ಹೊತ್ತು ಚುರುಕಾಗಿ ನಡೆಯುವ ಹಮಾಲಿಯ ಬೆನ್ನಿಗೆ ಇನ್ನೊಂದು ಮೂಟೆ ಹೇರಿ, ಅವನ ಜೊತೆಗಾರನನ್ನು ಬರಿಗೈಯಲ್ಲಿ ಕಳಿಸಿದರೆ ದಿನದ ಕೊನೆಗೆ ಸಾಗಿಸಿದ ಸರಕು ಕಡಿಮೆಯೇ ಆಗುತ್ತದೆ. ಟೈರಿನ ಮೇಲೆ ಭಾರ ಎರಡರಷ್ಟಾದರೆ ಹಿಡಿತ ಎರಡರಷ್ಟಾಗದು, ಅದಕ್ಕಿಂತ ಕಮ್ಮಿಯೇ. ಹಾಗಾಗಿ ಒಂದು ಆಕ್ಸಲಿನ ಎರಡು ಟೈರುಗಳ ನಡುವೆ ಭಾರದ ಅಂತರ ಹೆಚ್ಚಿದಷ್ಟೂ ಆ ಆಕ್ಸಲಿನ ಒಟ್ಟು ಹಿಡಿತ ಕುಗ್ಗುತ್ತದೆ.

ಇಲ್ಲಿಗೆ ಸ್ಪ್ರಿಂಗು, ಮತ್ತು ಎಡಬಲ ಚಕ್ರಗಳನ್ನು ಬೆಸೆದು ವಾಲುವುದನ್ನು ತಡೆಯುವ ಆಂಟಿ-ರೋಲ್ ಬಾರು ಪ್ರವೇಶಿಸುತ್ತವೆ. ದಾಟುವ 290 ಕೆಜಿಯನ್ನು ಅವು ತಗ್ಗಿಸಲಾರವು. ಅದರಲ್ಲಿ ಎಷ್ಟು ಭಾಗ ಮುಂದಿನ ಆಕ್ಸಲಿಗೆ, ಎಷ್ಟು ಹಿಂದಿನದಕ್ಕೆ ಎಂಬುದನ್ನು ನಿರ್ಧರಿಸಬಲ್ಲವು. ಎರಡೂ ತುದಿಯಲ್ಲಿ ಸಮ ಭಾರವಿರುವ ನಮ್ಮ ಕಾರಿನಲ್ಲಿ ನಿಂತಾಗ ಪ್ರತಿ ಚಕ್ರದ ಮೇಲೆ 250 ಕೆಜಿ. ಮುಂದಿನ ತುದಿ ಬಿಗಿಯಾಗಿದ್ದು ದಾಟುವ ಭಾರದ ಶೇಕಡಾ 60ನ್ನು ತಾನೇ ಹೊತ್ತುಕೊಂಡರೆ, ಮುಂದಿನ ಹೊರಚಕ್ರದ ಮೇಲೆ ಸುಮಾರು 425 ಕೆಜಿ, ಒಳಚಕ್ರದ ಮೇಲೆ 75. ಹಿಂದೆ 366 ಮತ್ತು 134. ಹಿಂದಿನ ಜೋಡಿಯಲ್ಲಿ ಅಂತರ ಕಮ್ಮಿ, ಆದ್ದರಿಂದ ಅಲ್ಲಿ ಹಿಡಿತ ಉಳಿದಿದೆ. ಮೊದಲು ಜಾರುವುದು ಮುಂದಿನ ಜೋಡಿ. ಸ್ಟೀರಿಂಗ್ ತಿರುಗಿಸಿದಷ್ಟು ಕಾರು ತಿರುಗುವುದಿಲ್ಲ. ಅಂಡರ್‌ಸ್ಟಿಯರ್ ಅನ್ನುವುದು ಇದನ್ನೇ. ಕಾರ್ಖಾನೆಗಳು ಬೇಕೆಂದೇ ಈ ಕಡೆಗೆ ವಾಲಿಸಿಟ್ಟಿರುತ್ತವೆ. ಗಾಬರಿಬಿದ್ದ ಸಾಮಾನ್ಯ ಚಾಲಕ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಥ ಕಾರು ತಾನೇ ಸಾವರಿಸಿಕೊಳ್ಳುತ್ತದೆ. ಹಿಂದುಗಡೆ ಮೊದಲು ಜಾರುವ ಕಾರಿನಲ್ಲಿ ಕಾಲು ತೆಗೆಯುವುದೇ ಅನಾಹುತ.

ತಗ್ಗಿಸುವ ಮಾತಿಗೆ ಬರೋಣ. ಗುರುತ್ವ ಕೇಂದ್ರ ಇಳಿದರೆ ದಾಟುವ ಭಾರ ಕಡಿಮೆಯಾಗುತ್ತದೆ, ಇದು ಸರಿಯಾದ ಮಾತು. ಎಷ್ಟು ಕಡಿಮೆ? 30 ಮಿಲಿಮೀಟರ್ ಇಳಿಸಿದರೆ 290 ಇದ್ದದ್ದು 272 ಆಗುತ್ತದೆ. ಹದಿನೆಂಟು ಕೆಜಿಯ ಲಾಭ. ಇದಕ್ಕೆ ತೆರುವ ಬೆಲೆ ಎಂದರೆ ಚಕ್ರ ಮೇಲಕ್ಕೆ ಆಡಲು ಇದ್ದ ಜಾಗದಲ್ಲಿ 30 ಮಿಲಿಮೀಟರ್. ಒಟ್ಟು ಜಾಗವೇ 70 ಇದ್ದರೆ ಅರ್ಧಕ್ಕೆ ಹತ್ತಿರ ಹೋಯಿತು. ಆ ಜಾಗ ಮುಗಿದ ಮೇಲೆ ಚಕ್ರ ಬಂಪ್ ಸ್ಟಾಪಿಗೆ ಬಡಿಯುತ್ತದೆ. ಶಾಕ್ ಅಬ್ಸಾರ್ಬರಿನ ದಂಡದ ಮೇಲೆ ಕೂತಿರುವ ಮೊಂಡು ರಬ್ಬರಿನ ತುಂಡು ಅದು. ಬಡಿದ ಕ್ಷಣ ಆ ಮೂಲೆಯ ಬಿಗಿ ಹಲವು ಪಟ್ಟು ಏರುತ್ತದೆ, ಭಾರ ಅಲ್ಲಿಗೆ ನುಗ್ಗುತ್ತದೆ, ಟೈರು ಕೈಚೆಲ್ಲುತ್ತದೆ. ಹಿಂಚಕ್ರ ಚಾಲನೆಯ ಕಾರಿನಲ್ಲಿ ಇದು ಹಿಂದಿನ ಮೂಲೆಯಲ್ಲಿ, ತಿರುವಿನ ನಡುವೆ, ಒಂದು ಸಣ್ಣ ಉಬ್ಬಿನ ಮೇಲೆ ನಡೆದರೆ ಕಾರು ಮುನ್ಸೂಚನೆಯಿಲ್ಲದೆ ಹಿಂದುಮುಂದಾಗುತ್ತದೆ. ‘ಈ ಕಾರಿನ ಜಾತಿಯೇ ಇಷ್ಟು, ಕೈಕೊಡುತ್ತದೆ’ ಎಂದು ಆಮೇಲೆ ಹೇಳುತ್ತಾರೆ. ಮೊದಲನೆಯ ಎಂಎಕ್ಸ್-5ಗಳಲ್ಲಿ ಈ ಜಾಗ ಮೊದಲೇ ಬಿಗುವಿನದು. ತಗ್ಗಿಸಿದ ಎಷ್ಟೋ ಕಾರುಗಳು ಸ್ಪ್ರಿಂಗಿನ ಮೇಲಲ್ಲ, ಬಂಪ್ ಸ್ಟಾಪಿನ ಮೇಲೆಯೇ ಓಡಾಡಿಕೊಂಡಿರುತ್ತವೆ. ಇದನ್ನು ಪತ್ತೆಹಚ್ಚಲು ಯಂತ್ರವೇನೂ ಬೇಡ. ಶಾಕ್ ಅಬ್ಸಾರ್ಬರಿನ ಹೊಳೆಯುವ ದಂಡಕ್ಕೆ ಪ್ಲಾಸ್ಟಿಕ್ಕಿನ ಕೇಬಲ್ ಟೈ ಒಂದನ್ನು ಬಿಗಿಯಾಗಿ ಕಟ್ಟಿ, ಕೆಳಕ್ಕೆ ಸರಿಸಿ, ದಿನಾ ಹೋಗುವ ರಸ್ತೆಯಲ್ಲೇ ಒಂದು ಸುತ್ತು ಹೋಗಿಬನ್ನಿ. ಟೈ ಎಲ್ಲಿವರೆಗೆ ಮೇಲಕ್ಕೆ ತಳ್ಳಿಸಿಕೊಂಡಿದೆ ನೋಡಿ. ರಬ್ಬರಿಗೆ ಒತ್ತಿಕೊಂಡು ನಿಂತಿದ್ದರೆ ಇನ್ನು ಸ್ಪ್ರಿಂಗಿನ ಬಣ್ಣ ಬ್ರಾಂಡುಗಳ ಚರ್ಚೆ ವ್ಯರ್ಥ.

ತಗ್ಗಿಸುವುದಕ್ಕೆ ಇನ್ನೊಂದು ಅಡ್ಡಪರಿಣಾಮವಿದೆ, ಇದು ಕಣ್ಣಿಗೆ ಕಾಣದ್ದು. ಚಕ್ರವನ್ನು ಹಿಡಿದಿರುವ ತೋಳುಗಳ ಕೋನ ಬದಲಾಗಿ ರೋಲ್ ಸೆಂಟರ್ ಎನ್ನುವ ಕಾಲ್ಪನಿಕ ಬಿಂದು ಇಳಿಯುತ್ತದೆ. ಕಾರಿನ ಮೈ ವಾಲುವುದು ಈ ಬಿಂದುವಿನ ಸುತ್ತ. ಮೇಲ್ತೋಳಿನ ಬದಲು ಶಾಕ್ ಅಬ್ಸಾರ್ಬರೇ ಚಕ್ರವನ್ನು ಹಿಡಿದಿರುವ ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರುಗಳಲ್ಲಿ ಇದು ಗುರುತ್ವ ಕೇಂದ್ರಕ್ಕಿಂತ ಬೇಗ ಇಳಿದುಬಿಡುತ್ತದೆ. ಎರಡರ ನಡುವಿನ ಅಂತರ ಹೆಚ್ಚಿತೆಂದರೆ ವಾಲಿಸುವ ಬಲಕ್ಕೆ ಉದ್ದನೆಯ ಹಿಡಿ ಸಿಕ್ಕಿತು. ವಾಲುವುದನ್ನು ತಪ್ಪಿಸಲೆಂದು ತಗ್ಗಿಸಿದ ಕಾರಿಗೆ ವಾಲುವ ಚಪಲ ಹೆಚ್ಚಾಯಿತು. ಅದನ್ನು ಅಡಗಿಸಲು ಮತ್ತಷ್ಟು ಗಟ್ಟಿ ಸ್ಪ್ರಿಂಗು. ಹೀಗೆ ಒಂದು ಖರ್ಚು ಇನ್ನೊಂದನ್ನು ಕರೆದುಕೊಂಡು ಬರುತ್ತದೆ.

ಹಿಂಚಕ್ರ ಚಾಲನೆಯ ಮಾತನ್ನು ಬೇರೆಯಾಗಿಯೇ ಆಡಬೇಕು. ಅಂಬಾಸಡರ್, ಪದ್ಮಿನಿ ಕಾಲದಲ್ಲಿ ನಮ್ಮ ರಸ್ತೆಯ ಕಾರುಗಳೆಲ್ಲ ಹಿಂಚಕ್ರದವು. ಈಗ ಸಣ್ಣ ಕಾರೆಂದರೆ ಬಹುಪಾಲು ಮುಂಚಕ್ರದ್ದೇ. ಆದ್ದರಿಂದ ಕಾರಿನ ಹುಚ್ಚಿರುವ ಹುಡುಗರ ಬಾಯಲ್ಲಿ ಓಡಾಡುವ ಸಲಹೆಗಳೂ ಮುಂಚಕ್ರದ ಕಾರಿನಿಂದ ಬಂದವು. ‘ಹಿಂದೆ ದಪ್ಪನೆಯ ಆಂಟಿ-ರೋಲ್ ಬಾರು ಹಾಕು, ಕಾರು ಚೆನ್ನಾಗಿ ತಿರುಗುತ್ತದೆ’ ಎನ್ನುವುದು ಅಂಥದ್ದೊಂದು. ಮುಂಚಕ್ರದ ಕಾರಿಗೆ ಈ ಮಾತು ಒಪ್ಪುತ್ತದೆ, ಅಲ್ಲಿ ಹಿಂಚಕ್ರಗಳಿಗೆ ಹಿಂಬಾಲಿಸುವುದಷ್ಟೇ ಕೆಲಸ. ಹಿಂಚಕ್ರ ಚಾಲನೆಯ ಸ್ಪೋರ್ಟ್ಸ್ ಕಾರಿನಲ್ಲಿ ಅವು ಪಕ್ಕಕ್ಕೂ ಹಿಡಿದುಕೊಳ್ಳಬೇಕು, ಮುಂದಕ್ಕೂ ತಳ್ಳಬೇಕು. ಟೈರಿನ ಬಳಿ ಇರುವ ಒಟ್ಟು ಹಿಡಿತ ಒಂದೇ ಗಂಟು. ಪಕ್ಕಕ್ಕೆ ಖರ್ಚು ಮಾಡಿದ ಮೇಲೆ ಉಳಿದದ್ದು ಮುಂದಕ್ಕೆ. ಹಿಂದೆ ದಪ್ಪ ಬಾರು ಹಾಕಿದರೆ ತಿರುವಿನ ಒಳಬದಿಯ ಹಿಂಚಕ್ರದ ಭಾರ ಇಳಿಯುತ್ತದೆ. ಡಿಫರೆನ್ಶಿಯಲ್ ಸಾದಾ ಬಗೆಯದಾದರೆ ತಿರುವಿನಿಂದ ಹೊರಬರುವಾಗ ಆಕ್ಸಿಲರೇಟರ್ ಒತ್ತಿದ್ದೆಲ್ಲ ಆ ಹಗುರಾದ ಚಕ್ರ ಸುಮ್ಮನೆ ತಿರುಗುವುದರಲ್ಲಿ ಪೋಲಾಗುತ್ತದೆ. ಎಂಎಕ್ಸ್-5ನ್ನು ಸ್ಪರ್ಧೆಗೆ ಇಳಿಸುವವರಲ್ಲಿ ಹಲವರು ಮುಂದಿನ ಬಾರನ್ನು ದಪ್ಪ ಮಾಡಿ, ಹಿಂದಿನದನ್ನು ತೆಳುವಾಗಿಯೇ ಬಿಡುವುದು ಅಥವಾ ಕಳಚಿಡುವುದು ಇದಕ್ಕಾಗಿಯೇ.

ಮುಂದೆ ದಪ್ಪ ಮಾಡಿದರೆ ಅಂಡರ್‌ಸ್ಟಿಯರ್ ಹೆಚ್ಚಬೇಕಲ್ಲವೇ, ಮೇಲಿನ ಲೆಕ್ಕ ಹಾಗೆ ಹೇಳಿತಲ್ಲ? ಹೇಳಿತು. ಆದರೆ ಕಾರು ವಾಲಿದಾಗ ಚಕ್ರವೂ ಹೊರಕ್ಕೆ ಓರೆಯಾಗಿ ಟೈರಿನ ಹೊರ ಅಂಚು ಮಾತ್ರ ರಸ್ತೆಯನ್ನು ಉಜ್ಜುವ ಕಾರುಗಳಿವೆ. ಸ್ಟ್ರಟ್ ಇರುವ ಮುಂದಿನ ತುದಿಗಳು ವಿಶೇಷವಾಗಿ. ಅಂಥಲ್ಲಿ ದಪ್ಪ ಬಾರು ವಾಲುವುದನ್ನು ತಡೆದು ಟೈರನ್ನು ನೆಟ್ಟಗೆ ನಿಲ್ಲಿಸುವುದರಿಂದ ಸಿಗುವ ಲಾಭ, ಭಾರ ದಾಟಿದ್ದರಿಂದ ಆದ ನಷ್ಟವನ್ನು ಮೀರಬಹುದು. ಸೂತ್ರ ಸುಳ್ಳಾಗಲಿಲ್ಲ; ಇನ್ನೊಂದು ಸೂತ್ರ ಅದರ ಮೇಲೆ ಸವಾರಿ ಮಾಡಿತು. ಪುಸ್ತಕದ ಒಂದು ಪುಟ ಓದಿ ಬಿಡಿಭಾಗ ಕೊಳ್ಳುವವರು ಎಡವುವುದು ಇಂಥ ಕಡೆ.

ಇಷ್ಟು ಹೊತ್ತೂ ಸ್ಪ್ರಿಂಗು ಬಾರುಗಳನ್ನೇ ಆಡಿಕೊಂಡೆವು. ನನ್ನ ಲೆಕ್ಕದಲ್ಲಿ ದುಡ್ಡು ಹೋಗಬೇಕಾದದ್ದು ಶಾಕ್ ಅಬ್ಸಾರ್ಬರಿಗೆ, ಅಂದರೆ ಡ್ಯಾಂಪರಿಗೆ. ಹೆಸರೇ ದಾರಿ ತಪ್ಪಿಸುವಂಥದ್ದು: ಗುಂಡಿಯ ಏಟನ್ನು ನುಂಗಿಕೊಳ್ಳುವುದು ಸ್ಪ್ರಿಂಗು, ನುಂಗಿಕೊಂಡ ಸ್ಪ್ರಿಂಗು ಮತ್ತೆ ಮತ್ತೆ ಪುಟಿಯದಂತೆ, ಆ ಶಕ್ತಿಯನ್ನು ಎಣ್ಣೆಯಲ್ಲಿ ಶಾಖವಾಗಿ ಕರಗಿಸುವುದು ಈ ಕೊಳವೆ. ಸ್ಪ್ರಿಂಗಿನ ಬಲ ಎಷ್ಟು ಒತ್ತಿದಿರಿ ಎಂಬುದನ್ನು ನೋಡುತ್ತದೆ; ಡ್ಯಾಂಪರಿನ ಬಲ ಎಷ್ಟು ಬೇಗ ಒತ್ತಿದಿರಿ ಎಂಬುದನ್ನು. ಸ್ಟೀರಿಂಗ್ ತಿರುಗಿಸಿದ ಮೊದಲ ಅರೆಸೆಕೆಂಡಿನಲ್ಲಿ, ಬ್ರೇಕಿನಿಂದ ಆಕ್ಸಿಲರೇಟರಿಗೆ ಕಾಲು ಬದಲಿಸುವ ಹೊತ್ತಿನಲ್ಲಿ, ಭಾರ ಯಾವ ಮೂಲೆಗೆ ಎಷ್ಟು ಬೇಗ ತಲುಪುತ್ತದೆ ಎಂಬುದನ್ನು ನಡೆಸುವುದು ಇದೇ. ಚಾಲಕನ ಸೊಂಟಕ್ಕೆ ‘ಕಾರು ಮಾತು ಕೇಳುತ್ತಿದೆ’ ಎನ್ನುವ ಅರಿವು ಹುಟ್ಟುವುದೂ ಬಹುಪಾಲು ಆ ಅರೆಸೆಕೆಂಡಿನಲ್ಲಿ. ಇದನ್ನು ಬಿಟ್ಟು ಸ್ಪ್ರಿಂಗನ್ನು ಮಾತ್ರ ಗಟ್ಟಿ ಮಾಡಿದರೆ, ಮೆತ್ತನೆಯದಕ್ಕೆ ಹೊಂದಿಸಿದ್ದ ಹಳೆಯ ಡ್ಯಾಂಪರು ಗಟ್ಟಿಯದನ್ನು ಹಿಡಿದುಕೊಳ್ಳಲಾರದೆ ಸೋಲುತ್ತದೆ. ಉಬ್ಬು ದಾಟಿದ ಚಕ್ರ ಕುಣಿಯುತ್ತದೆ, ಕುಣಿಯುವ ಪ್ರತಿ ಸಲವೂ ಟೈರು ರಸ್ತೆಯ ಮೇಲೆ ಹಗುರಾಗುತ್ತದೆ.

ಬಿಗಿಯ ಅಳತೆಯನ್ನು ಎಂಜಿನಿಯರುಗಳು ಸೆಕೆಂಡಿಗೆ ಎಷ್ಟು ಸಲ ಮೈ ತೂಗುತ್ತದೆ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಸಂಸಾರದ ಕಾರು ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ; ರಸ್ತೆಯ ಸ್ಪೋರ್ಟ್ಸ್ ಕಾರು ಒಂದೂವರೆಯಿಂದ ಎರಡರ ಆಸುಪಾಸು; ರೆಕ್ಕೆಗಳಿಲ್ಲದ ಸ್ಪರ್ಧೆಯ ಕಾರು ಎರಡೂವರೆಯ ಹತ್ತಿರ. ಚಕ್ರ, ತೋಳುಗಳ ತೂಕ ಬಿಟ್ಟು ಒಂದು ಮೂಲೆಯ ಸ್ಪ್ರಿಂಗಿನ ಮೇಲೆ 220 ಕೆಜಿ ಕೂತಿದೆ. ಮಿಲಿಮೀಟರಿಗೆ 50 ನ್ಯೂಟನ್ನಿನ ಸ್ಪ್ರಿಂಗು ಚಕ್ರದ ನೇರಕ್ಕಿಲ್ಲದೆ ತೋಳಿನ ನಡುವೆ ಎಲ್ಲೋ ಇರುವುದರಿಂದ ಚಕ್ರದ ಬಳಿ ಅದರ ಬಲ ಅರ್ಧಕ್ಕಿಳಿದಿದೆ ಎನ್ನೋಣ. ಆಗ ಸೆಕೆಂಡಿಗೆ ಸುಮಾರು 1.7 ಸಲ. ಸ್ಪ್ರಿಂಗನ್ನು ದುಪ್ಪಟ್ಟು ಗಟ್ಟಿ ಮಾಡಿ, 2.4 ಆಯಿತು, ಅಂದರೆ ಸ್ಪರ್ಧೆಯ ಕಾರಿನ ಮಟ್ಟ. ಅಮೆರಿಕದ ‘ಸ್ಪೆಕ್ ಮಿಯಾಟಾ’ ಸ್ಪರ್ಧೆಯ ಎಂಎಕ್ಸ್-5ಗಳಲ್ಲಿ ಮುಂದಿನ ಸ್ಪ್ರಿಂಗು ಅಂಗುಲಕ್ಕೆ 700 ಪೌಂಡ್, ಹಿಂದಿನದು 325. ನಮ್ಮ ಅಳತೆಯಲ್ಲಿ ಮಿಲಿಮೀಟರಿಗೆ ಸುಮಾರು ಹನ್ನೆರಡೂವರೆ ಕೆಜಿ ಮತ್ತು ಆರು ಕೆಜಿಗೆ ತುಸು ಕಮ್ಮಿ. ನುಣುಪಾದ ಟ್ರ್ಯಾಕು, ಅಂಟುವ ಟೈರು, ಹೆಲ್ಮೆಟ್ಟು ತೊಟ್ಟ ಚಾಲಕ ಇದ್ದಲ್ಲಿ ಅದು ಸರಿ. ಟೈರಿನ ಹಿಡಿತ ಹೆಚ್ಚಿದಷ್ಟು ಕಾರನ್ನು ವಾಲಿಸುವ ಬಲವೂ ಹೆಚ್ಚುತ್ತದೆ, ಅದಕ್ಕೆ ತಕ್ಕ ಬಿಗಿ ಬೇಕು. ಮುಂದಿನ ತುದಿ ಹಿಂದಿನದರ ಎರಡರಷ್ಟಕ್ಕಿಂತ ಗಟ್ಟಿಯಿರುವುದನ್ನೂ ಗಮನಿಸಿ: ಹಿಂಚಕ್ರಗಳು ರಸ್ತೆ ಬಿಡದೆ ತಳ್ಳಲಿ ಎಂಬ ಅದೇ ತರ್ಕ. ಇದೇ ಸ್ಪ್ರಿಂಗುಗಳನ್ನು ಊರ ರಸ್ತೆಗೆ ತಂದರೆ ಒಂದೊಂದು ತೇಪೆಯ ಮೇಲೂ ಟೈರು ಗಾಳಿಯಲ್ಲಿರುತ್ತದೆ.

ಹಾಗೆಂದು ಕಾರ್ಖಾನೆ ಕೊಟ್ಟದ್ದೆಲ್ಲ ದೇವರ ವರ, ಮುಟ್ಟಬಾರದು ಎನ್ನುವವರ ಪಕ್ಷಕ್ಕೂ ನಾನು ಸೇರಲಾರೆ. ಚರಿತ್ರೆ ಅವರ ಕಡೆಗಿಲ್ಲ. 1960ರ ಮಾದರಿಯಾಗಿ ಬಂದ ಷೆವ್ರೊಲೆ ಕೊರ್ವೇರ್‌ಗೆ ಎಂಜಿನ್ ಹಿಂದೆ. ಹಿಂಚಕ್ರಗಳಿಗೆ ಸ್ವಿಂಗ್ ಆಕ್ಸಲ್. ಜೋರು ತಿರುವಿನಲ್ಲಿ ಹೊರಗಿನ ಹಿಂಚಕ್ರ ಕಾರಿನಡಿಗೆ ಮಡಚಿಕೊಳ್ಳುವ ಅಪಾಯ ಈ ವಿನ್ಯಾಸದ ಹುಟ್ಟುಗುಣ. ಮುಂದಿನ ಆಂಟಿ-ರೋಲ್ ಬಾರನ್ನು ಕೊಡದೆ, ಮುಂದಿನ ಟೈರಿಗೆ 15 ಪೌಂಡ್ ಗಾಳಿ, ಹಿಂದಿನದಕ್ಕೆ 26 ಎಂದು ಕೈಪಿಡಿಯಲ್ಲಿ ಬರೆದು ಕಂಪನಿ ಕೈತೊಳೆದುಕೊಂಡಿತು. ಪೆಟ್ರೋಲ್ ಬಂಕಿನ ಹುಡುಗ ನಾಲ್ಕಕ್ಕೂ ಒಂದೇ ಸಮ ಗಾಳಿ ಹೊಡೆದರೆ ಕಾರಿನ ಸ್ವಭಾವವೇ ತಲೆಕೆಳಗು. ಹಿಂದಿನ ಚಕ್ರ ಮಡಚದಂತೆ ತಡೆಯುವ ಪಟ್ಟಿಗಳನ್ನು ಹೊರಗಿನ ಬಿಡಿಭಾಗದವರು ಮಾರುತ್ತಿದ್ದರು. 1964ರ ಮಾದರಿಗೆ ಕಂಪನಿಯೇ ಮುಂದೆ ಬಾರನ್ನೂ ಹಿಂದೆ ಅಡ್ಡ ಪಟ್ಟೆ ಸ್ಪ್ರಿಂಗನ್ನೂ ಹಾಕಿತು. 1965ರ ಮಾದರಿಗೆ ಹಿಂದಿನ ಸಸ್ಪೆನ್ಶನ್ನನ್ನೇ ಹೊಸದಾಗಿ ಮಾಡಿತು. ಅದೇ ವರ್ಷದ ಕೊನೆಗೆ, ಕಾರುಗಳ ಅಪಾಯಗಳನ್ನು ಟೀಕಿಸಿದ ರಾಲ್ಫ್ ನಾಡರ್ ಅವರ ಪುಸ್ತಕ ಬಂತು, ಕೊರ್ವೇರ್ ಹೆಸರು ಕೆಟ್ಟಿತು. ಆ ಕಾಲದ ಇತರ ಕಾರುಗಳಿಗಿಂತ ಅದೇನೂ ವಿಶೇಷ ಅಪಾಯಕಾರಿ ಅಲ್ಲ ಎಂದು 1972ರಲ್ಲಿ ಅಮೆರಿಕದ ಸರಕಾರಿ ಪರಿಶೀಲನೆ ಹೇಳಿತು, ಆ ಹೊತ್ತಿಗೆ ಕಾರಿನ ತಯಾರಿಕೆ ನಿಂತುಹೋಗಿತ್ತು. ಪೋರ್ಷೆಯ ಕತೆಯೂ ಬೇರೆಯಲ್ಲ. ಮೊದಮೊದಲ 911ಗಳ ಹಿಂಭಾರವನ್ನು ಸರಿದೂಗಿಸಲು ಮುಂದಿನ ಬಂಪರಿನ ಎರಡು ಮೂಲೆಗಳೊಳಗೆ ತಲಾ 11 ಕೆಜಿಯ ಬೀಡುಕಬ್ಬಿಣದ ತುಂಡುಗಳನ್ನು ಇಡುತ್ತಿದ್ದರು. 1969ರ ಮಾದರಿಗೆ ಹಿಂಚಕ್ರಗಳನ್ನು 57 ಮಿಲಿಮೀಟರ್ ಹಿಂದಕ್ಕೆ ಸರಿಸಿದ ಮೇಲೆ ಆ ತುಂಡುಗಳ ಅಗತ್ಯ ಬೀಳಲಿಲ್ಲ. ಕಾರ್ಖಾನೆಯವರದೂ ಚೌಕಾಸಿಯೇ: ಖರ್ಚು, ಸದ್ದು, ಟೈರಿನ ಬಾಳಿಕೆ, ಕೋರ್ಟಿನ ಭಯ. ಕಾರಿನ ಯಜಮಾನ ಆ ಚೌಕಾಸಿಯನ್ನು ಮತ್ತೆ ಶುರುಮಾಡಿದರೆ ಅದರಲ್ಲಿ ಅಪಚಾರವೇನಿಲ್ಲ.

ಆದರೆ ಚೌಕಾಸಿಗೆ ಕೂರುವ ಮುನ್ನ ಎದುರಿನವರು ಏನನ್ನು ಯಾಕೆ ಇಟ್ಟಿದ್ದಾರೆ ಎಂಬುದು ಗೊತ್ತಿರಬೇಕು. ತೋಳುಗಳ ತುದಿಯ ರಬ್ಬರ್ ಬುಷ್‌ಗಳನ್ನು ನೋಡಿ. ‘ರಬ್ಬರ್ ಸೋಮಾರಿ, ಪಾಲಿಯುರಿಥೇನ್ ಹಾಕಿ’ ಎಂಬುದು ಸಿದ್ಧ ಸಲಹೆ. 1977ರ ಪೋರ್ಷೆ 928ರ ಹಿಂದಿನ ಸಸ್ಪೆನ್ಶನ್ನಿನಲ್ಲಿ ರಬ್ಬರಿನ ಬಳುಕನ್ನೇ ಬಳಸಿಕೊಂಡಿದ್ದರು: ಚಾಲಕ ತಿರುವಿನಲ್ಲಿ ಗಾಬರಿಯಿಂದ ಕಾಲು ತೆಗೆದರೆ ಹೊರಗಿನ ಹಿಂಚಕ್ರ ತುಸು ಒಳಕ್ಕೆ ತಿರುಗಿ ಕಾರನ್ನು ನಿಲ್ಲಿಸಿಕೊಳ್ಳುತ್ತದೆ. ಎಂಬತ್ತರ ದಶಕದ ಮಾಜ್ದಾ ಆರ್‌ಎಕ್ಸ್-7ರಲ್ಲಿ ಇಂಥದೇ ಯುಕ್ತಿ ಇತ್ತು. ಅದರ ಬುಷ್‌ಗಳು ಸವೆದಮೇಲೆ ಹಿಂಚಕ್ರ ಯಾವಾಗ ಎತ್ತ ತಿರುಗುತ್ತದೋ ಎಂಬ ಅನುಮಾನ ಹುಟ್ಟಿ, ಟ್ರ್ಯಾಕಿಗೆ ಹೋಗುವವರು ಗಟ್ಟಿ ಬುಷ್ ಬಡಿದು ಆ ಯುಕ್ತಿಯನ್ನೇ ಬಂದ್ ಮಾಡತೊಡಗಿದರು. ಇಬ್ಬರದೂ ಸರಿ, ಅವರವರ ರಸ್ತೆಗೆ. ಪಾಲಿಯುರಿಥೇನಿಗೆ ಇನ್ನೊಂದು ಗೊಡವೆ ಇದೆ. ರಬ್ಬರ್ ತಾನೇ ತಿರುಚಿಕೊಂಡು ತೋಳು ಆಡಲು ಬಿಡುತ್ತದೆ; ಇದು ಜಾರಬೇಕು, ಜಾರಲು ಗ್ರೀಸು ಬೇಕು, ಗ್ರೀಸು ಒಣಗಿದರೆ ಕಿರುಗುಡುವುದಲ್ಲದೆ ತೋಳೇ ಕಚ್ಚಿಕೊಳ್ಳುತ್ತದೆ.

ಬುಷ್ ಮಾತು ಬಂದದ್ದರಿಂದ ಹೇಳಬೇಕು: ಹೊಸ ಸೆಟ್ಟು ಹಾಕಿ ಹೊಗಳುವವರ ಹೋಲಿಕೆಯೇ ಬಹುಪಾಲು ಅನ್ಯಾಯದ್ದು. ಮೂವತ್ತು ವರ್ಷದ ಕಾರಿನಲ್ಲಿ ಕಾರ್ಖಾನೆಯ ಡ್ಯಾಂಪರುಗಳ ಜೀವ ಎಂದೋ ಹೋಗಿರುತ್ತದೆ, ಬಂಪ್ ಸ್ಟಾಪುಗಳು ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತವೆ, ಬುಷ್‌ಗಳು ಬಿರುಕುಬಿಟ್ಟಿರುತ್ತವೆ. ಅದನ್ನು ತೆಗೆದು ಪೆಟ್ಟಿಗೆಯಿಂದ ಆಗಷ್ಟೇ ಬಿಚ್ಚಿದ್ದನ್ನು ಹಾಕಿದರೆ ಯಾವ ಕಂಪನಿಯದಾದರೂ ಚೆನ್ನಾಗಿಯೇ ಇರುತ್ತದೆ. ಹೋಲಿಸಬೇಕಾದದ್ದು ಹೊಸ ಕಾರ್ಖಾನೆ ಸಾಮಾನಿನ ಜೊತೆಗೆ.

ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಕಡೆಗಣಿಸಲ್ಪಟ್ಟ ಸುಧಾರಣೆ ಅಲೈನ್‌ಮೆಂಟ್. ಎಂಎಕ್ಸ್-5ರ ಪ್ರತಿ ಕೆಳತೋಳಿನ ಒಳತುದಿಯಲ್ಲಿ ಎರಡೆರಡು ಕ್ಯಾಮ್ ಬೋಲ್ಟುಗಳಿವೆ, ಒಟ್ಟು ಎಂಟು. ಬೋಲ್ಟಿನ ತಲೆಯ ಕೆಳಗೆ ಗೀರು ಗುರುತುಗಳಿರುವ ಒಂದು ಬಿಲ್ಲೆ. ರಂಧ್ರ ಅದರ ನಟ್ಟನಡುವೆ ಇಲ್ಲ. ನಟ್ಟು ಸಡಿಲಿಸಿ ಬೋಲ್ಟನ್ನು ಒಂದು ಗೀರಿನಷ್ಟು ತಿರುಗಿಸಿದರೆ ಇಡೀ ತೋಳು ಒಳಕ್ಕೋ ಹೊರಕ್ಕೋ ಸರಿದು ಚಕ್ರದ ಓರೆ ಬದಲಾಗುತ್ತದೆ. ತೋಳಿನ ಮುಂದಿನ ಬೋಲ್ಟನ್ನೊಂದಿಷ್ಟು ಹಿಂದಿನದನ್ನೊಂದಿಷ್ಟು ತಿರುಗಿಸಿದರೆ ಕ್ಯಾಂಬರ್ (ಚಕ್ರದ ತಲೆಯ ಓರೆ), ಅದರ ಜೊತೆಗೆ ಹಿಂಚಕ್ರಕ್ಕಾದರೆ ಟೋ (ಚಕ್ರದ ಮೂತಿಯ ದಿಕ್ಕು), ಮುಂಚಕ್ರಕ್ಕಾದರೆ ಕ್ಯಾಸ್ಟರ್ (ಸ್ಟೀರಿಂಗ್ ಅಕ್ಷದ ಓರೆ) ನಿಮ್ಮ ಕೈಗೆ ಬಂತು. ಸಾಮಾನ್ಯ ಕಾರುಗಳಲ್ಲಿ ಈ ಸೌಕರ್ಯ ಇರುವುದಿಲ್ಲ. ತುಕ್ಕು ಹಿಡಿದು ಬೋಲ್ಟು ಬುಷ್ಷಿನ ಒಳಕೊಳವೆಗೆ ಕಚ್ಚಿಕೊಂಡಿದ್ದರೆ ಮಾತ್ರ ಗರಗಸವೇ ಗತಿ. ಚಕ್ರದ ತಲೆಯನ್ನು ಒಂದೂವರೆ ಡಿಗ್ರಿ ಒಳಕ್ಕೆ ಓರೆ ಮಾಡಿ, ಹಿಂಚಕ್ರಗಳ ಮೂತಿಯನ್ನು ಕೂದಲೆಳೆಯಷ್ಟು ಒಳಮುಖ ಮಾಡಿಟ್ಟರೆ ಕಾರು ತಿರುವಿಗೆ ಬೀಳುವ ರೀತಿಯೇ ಬೇರೆಯಾಗುತ್ತದೆ. ಹಿಂದೆ ಹೊರಮುಖ ಮಾತ್ರ ಆಗಕೂಡದು, ಹಿಂಚಕ್ರದ ಕಾರು ಅದನ್ನು ಕ್ಷಮಿಸುವುದಿಲ್ಲ. ರಬ್ಬರ್ ಬುಷ್ ಇದ್ದರೆ ನಟ್ಟುಗಳ ಕೊನೆಯ ಬಿಗಿ ಕಾರು ಚಕ್ರದ ಮೇಲೆ ನಿಂತಾಗಲೇ ಆಗಬೇಕು. ಜಾಕಿನ ಮೇಲೆ ಚಕ್ರ ಜೋತಾಡುವಾಗ ಬಿಗಿದರೆ, ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ನಿಂತು ಬೇಗ ಹರಿಯುತ್ತದೆ, ಎತ್ತರವೂ ಸುಳ್ಳು ತೋರಿಸುತ್ತದೆ.

ಇಂಥ ಸಣ್ಣ ಅಂತರಗಳು ಎಷ್ಟು ದೂರ ಹೋಗಬಲ್ಲವು ಎಂಬುದಕ್ಕೆ ಟೊಯೋಟಾ ಮತ್ತು ಸುಬಾರು ಸೇರಿ ತಯಾರಿಸಿದ ಅವಳಿ ಕಾರುಗಳೇ ಪುರಾವೆ. 2012ರಲ್ಲಿ ಟೊಯೋಟಾ 86 ಬಂದಾಗ ಅದಕ್ಕೆ ಹಾಕಿದ್ದು 215 ಮಿಲಿಮೀಟರಿನ, ಹಿಡಿತಕ್ಕಿಂತ ಮಿತವ್ಯಯಕ್ಕೆ ಹೆಸರಾದ ಟೈರು. ಮುಖ್ಯ ಎಂಜಿನಿಯರ್ ತೆತ್ಸುಯಾ ತಾದಾ ಅವರದು ಬೇಕೆಂದೇ ಮಾಡಿದ ಆಯ್ಕೆ. ಕಡಿಮೆ ವೇಗದಲ್ಲೇ ಕಾರು ಚಾಲಕನೊಡನೆ ಆಟವಾಡಲಿ ಎಂದು. ಒಂದೇ ಕಾರ್ಖಾನೆ, ಒಂದೇ ಮೈ, ಒಂದೇ ಎಂಜಿನ್. ಆದರೆ ಟೊಯೋಟಾದ್ದಕ್ಕೆ ಮುಂದೆ ತುಸು ಮೆತ್ತನೆಯ, ಹಿಂದೆ ತುಸು ಗಟ್ಟಿಯ ಸ್ಪ್ರಿಂಗು. ಸುಬಾರು ಬಿಆರ್‌ಝಡ್‌ಗೆ ಅದರ ತಿರುವುಮುರುವು. ಓಡಿಸಿದವರು ಒಂದನ್ನು ಬಾಲ ಆಡಿಸುವ ಕಾರು ಎಂದರು, ಇನ್ನೊಂದನ್ನು ಗಂಭೀರ ಸ್ವಭಾವದ್ದು ಎಂದರು. 2021ರ ಎರಡನೇ ತಲೆಮಾರಿನಲ್ಲೂ ಈ ಭೇದವನ್ನು ಉಳಿಸಿಕೊಂಡರು. ಒಂದು ಅಂಗುಲವೂ ತಗ್ಗಿಸಲಿಲ್ಲ. ‘ನನ್ನ ಕಾರನ್ನು ಸುಧಾರಿಸಬೇಕು’ ಎಂದು ಬರುವವರನ್ನು ನಾನು ಮೊದಲು ಕೇಳಬಯಸುವ ಪ್ರಶ್ನೆ ಹುಟ್ಟುವುದು ಇಲ್ಲಿಂದ: ಈ ಇಬ್ಬರಲ್ಲಿ ನಿಮಗೆ ಯಾರು ಬೇಕು?

ಅಂದಕ್ಕಾಗಿ ತಗ್ಗಿಸುತ್ತೇನೆ, ನಿಮಗೇನು ಎನ್ನುವವರೂ ಇದ್ದಾರೆ. ಅವರೊಡನೆ ನನಗೆ ಜಗಳವಿಲ್ಲ. ಅಂದವೂ ಒಂದು ಕಾರಣವೇ. ಅದಕ್ಕೆ ‘ಹ್ಯಾಂಡ್ಲಿಂಗ್’ ಎಂಬ ಬೇನಾಮಿ ಹೆಸರು ಬೇಡ, ಅಷ್ಟೇ. ಭಾರತದಲ್ಲಿ ಇದನ್ನೆಲ್ಲ ಮಾಡಹೊರಡುವವರಿಗೆ ಇನ್ನೊಂದು ಬಗೆಯ ಬಂಪ್ ಸ್ಟಾಪ್ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ನಮೂದಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸಕೂಡದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಸವೆದ ಡ್ಯಾಂಪರಿಗೆ ಬದಲು ಅದೇ ನಮೂನೆಯ ಹೊಸದು, ಒಳ್ಳೆಯ ಟೈರು, ಸರಿಯಾದ ಅಲೈನ್‌ಮೆಂಟು, ಇವಕ್ಕೆ ಯಾರ ಅಡ್ಡಿಯೂ ಇಲ್ಲ. ನಾನು ಮೊದಲು ಮಾಡಿ ಎನ್ನುತ್ತಿರುವುದೂ ಇವನ್ನೇ.

ಟೈರನ್ನು ಕೊನೆಗೆ ಉಳಿಸಿಕೊಂಡೆ. ಕೊಳ್ಳುವಾಗ ಅದೇ ಮೊದಲು. ಹೊಸ ಟೈರು ಬಂದರೆ ಕಾರಿಗೆ ಎಷ್ಟು ಬಿಗಿ ಬೇಕು, ಎಷ್ಟು ಓರೆ ಬೇಕು ಎಂಬ ಲೆಕ್ಕವೇ ಬದಲಾಗುವುದರಿಂದ, ಹಳೆಯ ಟೈರಿನ ಮೇಲೆ ಹೊಂದಿಸಿದ ಡ್ಯಾಂಪರು, ಬಾರುಗಳೆಲ್ಲ ಮತ್ತೆ ಮೊದಲಿನಿಂದ ಆಗಬೇಕು. ಈಚಿನ ಕಾರುಗಳಲ್ಲಿ ಇನ್ನೊಂದು ತೊಡಕು ಸೇರಿಕೊಂಡಿದೆ. ಅಮೆರಿಕದಲ್ಲಿ 2012ರ ಮಾದರಿಯಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಗಿರುವ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲು, ಸ್ಟೀರಿಂಗ್ ಇಷ್ಟು ತಿರುಗಿದರೆ ಕಾರು ಇಷ್ಟು ತಿರುಗಬೇಕು ಎಂಬ ಕಾರ್ಖಾನೆಯ ಅಂದಾಜನ್ನು ಒಳಗಿಟ್ಟುಕೊಂಡಿರುತ್ತದೆ. ಬಾರು ಬದಲಿಸಿ ಅಂಡರ್‌ಸ್ಟಿಯರ್ ಕಳೆದುಕೊಂಡ ಕಾರು ಆ ಅಂದಾಜನ್ನು ಮೀರಿ ತಿರುಗಿದಾಗ, ಚಾಲಕ ಖುಷಿಯಲ್ಲಿದ್ದರೂ ಕಂಪ್ಯೂಟರಿಗೆ ಕಾರು ಜಾರುತ್ತಿದೆ ಎನಿಸಿ ಒಂದು ಚಕ್ರದ ಬ್ರೇಕು ಹಿಡಿಯಬಹುದು. ಆದ್ದರಿಂದ ಒಂದು ಸಲಕ್ಕೆ ಒಂದೇ ಬದಲಾವಣೆ, ಅದೇ ರಸ್ತೆ, ಅದೇ ಟೈರಿನ ಗಾಳಿ. ಕೇಬಲ್ ಟೈ ಎಲ್ಲಿ ನಿಂತಿತು, ಟೈರಿನ ಯಾವ ಅಂಚು ಸವೆಯಿತು ಎಂಬುದನ್ನು ಬರೆದಿಟ್ಟುಕೊಂಡು ಮುಂದಿನದಕ್ಕೆ ಕೈಹಾಕುವುದು. ಒಂದೇ ದಿನ ಸ್ಪ್ರಿಂಗು, ಡ್ಯಾಂಪರು, ಬಾರು, ಬುಷ್ಷು ನಾಲ್ಕನ್ನೂ ಹಾಕಿಸಿಕೊಂಡು ಬಂದವರಿಗೆ ಕಾರು ಬದಲಾಗಿದೆ ಎಂಬುದು ಗೊತ್ತಾಗುತ್ತದೆ, ಯಾವುದರಿಂದ ಎಂಬುದು ಗೊತ್ತಾಗುವುದಿಲ್ಲ. ಕೆಟ್ಟಿದ್ದರೆ ಬಿಚ್ಚಬೇಕಾದದ್ದು ಯಾವುದನ್ನು ಎಂಬುದೂ.